ಹೆಡ್ಮಾಸ್ಟರು ಇಲ್ಲದ ದಿನ

ಜೀವನ್ ಬಿಮಾ ನಗರದ ಮುಖ್ಯ ರಸ್ತೆಯಲ್ಲಿ ಅಂಗಡಿ ಇಟ್ಟವರಿಗೆ ಒಂದು ಪರೀಕ್ಷೆ ಚೆನ್ನಾಗಿ ಗೊತ್ತು. ಯಜಮಾನರು ಮೂರು ದಿನ ತಿರುಪತಿಗೋ ಧರ್ಮಸ್ಥಳಕ್ಕೋ ಹೋಗಿ ಬರುತ್ತಾರೆ. ಬಂದವರೇ ಮೊದಲು ಗಲ್ಲಾ ನೋಡುತ್ತಾರೆ, ಆಮೇಲೆ ಅಕ್ಕಿ ಮೂಟೆ ನೋಡುತ್ತಾರೆ, ಕೊನೆಗೆ ಅಂಗಡಿ ಹುಡುಗರ ಮುಖ ನೋಡುತ್ತಾರೆ. ಬಾಗಿಲು ಹೊತ್ತಿಗೆ ಸರಿಯಾಗಿ ತೆಗೆದರೇ? ಸಾಲ ಕೊಟ್ಟಿದ್ದನ್ನು ಬರೆದಿಟ್ಟರೇ? ಹಾಲು ಕಮ್ಮಿ ಬಂದ ದಿನ ಗಿರಾಕಿಗೆ ಏನು ಹೇಳಿದರು? ಇಷ್ಟು ಕೇಳಿದರೆ ಸಾಕು. ಹುಡುಗರು ಎಂಥವರು ಎಂಬುದಕ್ಕಿಂತ, ತಾವು ಇಷ್ಟು ವರ್ಷ ಅವರನ್ನು ಹೇಗೆ ನಡೆಸಿಕೊಂಡೆವು ಎಂಬುದು ಯಜಮಾನರಿಗೇ ಗೊತ್ತಾಗಿಬಿಡುತ್ತದೆ.

ಇದೇ ಪರೀಕ್ಷೆಯನ್ನು ಮಕ್ಕಳ ಶಾಲೆಗೆ ಹಚ್ಚಿ ನೋಡಿದವರು ಎಷ್ಟು ಮಂದಿ?

ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಶಿವಾಜಿನಗರದ ಬಸ್ಸಿಗೆ ಕಾದು ನಿಂತವರ ನಡುವೆ ಶಾಲೆಯ ಮಾತು ಬಂದರೆ ಅದು ಹೆಚ್ಚುಕಮ್ಮಿ ಹೀಗೇ ಇರುತ್ತದೆ:

"ನಿಮ್ ಹುಡುಗನ ಸ್ಕೂಲು ಹೇಗಿದೆ ಸಾರ್?"

"ಪರವಾಗಿಲ್ಲ. ಹೆಡ್ಮಾಸ್ಟರು ಬಲೇ ಸ್ಟ್ರಿಕ್ಟು. ಅವರು ವರಾಂಡಕ್ಕೆ ಕಾಲಿಟ್ಟರೆ ಸಾಕು, ನೊಣದ ಸದ್ದೂ ಇರಲ್ಲ."

"ಅವರು ಇಲ್ಲದಿದ್ದಾಗ?"

"ಇಲ್ಲದಿದ್ದಾಗ ಏನ್ಮಾಡೋಕಾಗುತ್ತೆ, ಬಿಡಿ. ಹುಡುಗರಲ್ವೇ!"

ಅಷ್ಟರಲ್ಲಿ ಬಸ್ಸು ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಅರ್ಧಕ್ಕೆ ನಿಂತ ಆ ಪ್ರಶ್ನೆಯಲ್ಲೇ ಎಲ್ಲ ಅಡಗಿದೆ. ಹೆಡ್ಮಾಸ್ಟರು ಬಿ.ಇ.ಒ. ಆಫೀಸಿಗೆ ಹೋದ ದಿನ, ತರಬೇತಿಗೆ ಹೋದ ದಿನ, ಜ್ವರ ಬಂದು ಮಲಗಿದ ದಿನ ಶಾಲೆ ಹೇಗೆ ನಡೆಯುತ್ತದೋ ಅದೇ ಅವರ ಆಡಳಿತದ ಮಾರ್ಕ್ಸ್ ಕಾರ್ಡು.

ಮೂರು ತರಹದ ದೊರೆಗಳು

ಶಾಲೆ ನಡೆಸುವವರಲ್ಲಿ ಮೂರು ತರಹದವರುಂಟು. ಮೊದಲನೆಯವರು ದೊಣ್ಣೆನಾಯಕರು. ಸೀಮೆಸುಣ್ಣದ ಡಬ್ಬಿಗೂ ಅವರ ಅಪ್ಪಣೆ ಬೇಕು, ಮಗುವಿಗೆ ವಾಂತಿಯಾದರೆ ಮನೆಗೆ ಕಳಿಸುವುದಕ್ಕೂ ಅವರ ಅಪ್ಪಣೆ ಬೇಕು. ಬೀರುವಿನ ಬೀಗದ ಕೈ ಅವರ ಜೇಬಿನಲ್ಲಿ. ಅವರು ರಜ ಹಾಕಿದರೆ ಬೀರುವಿಗೂ ರಜ.

ಎರಡನೆಯವರು ದೇವರು ನಡೆಸಿದಂತೆ ನಡೆಯಲಿ ಎನ್ನುವವರು. ಪಾಪ, ಒಳ್ಳೆಯವರೇ. ಯಾರನ್ನೂ ಬೈಯುವುದಿಲ್ಲ, ಯಾರಿಗೂ ಏನೂ ಹೇಳುವುದಿಲ್ಲ. ಟೀಚರು ಹತ್ತು ನಿಮಿಷ ತಡವಾಗಿ ಬಂದರೂ ಸರಿ, ಅರ್ಧ ಗಂಟೆ ಮೊದಲೇ ಹೊರಟರೂ ಸರಿ. ಇಂಥವರು ಶಾಲೆಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮೂರನೆಯವರು ಕೂಡಿಸಿಕೊಂಡು ನಡೆಸುವವರು. ಯಾವ ಕೆಲಸ ಯಾರದು ಎಂದು ಮೊದಲೇ ಹಂಚಿರುತ್ತಾರೆ. ಟೀಚರುಗಳನ್ನು ಕೂರಿಸಿಕೊಂಡು ಮಾತಾಡುತ್ತಾರೆ, ಕೊನೆಯ ಮಾತು ತಮ್ಮದೇ ಆದಾಗ ಕಾರಣವನ್ನೂ ಹೇಳುತ್ತಾರೆ. ಗದರುವುದೂ ಉಂಟು. ಆದರೆ ಬೆಳಗಿನ ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಬಂದು ನಿಂತವರು ಗದರಿದರೆ ಯಾರಿಗೂ ಬೇಸರವಿರುವುದಿಲ್ಲ.

ಇದು ಕಟ್ಟೆ ಹರಟೆಯ ವಿಂಗಡಣೆಯಲ್ಲ. ಹಿಟ್ಲರನ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ, ಲಿಪಿಟ್ ಮತ್ತು ವೈಟ್ ಎಂಬ ಇಬ್ಬರು ಸಂಗಡಿಗರೊಂದಿಗೆ ಅಯೋವಾ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪರೀಕ್ಷೆ ಮಾಡಿ 1939ರಲ್ಲಿ ಪ್ರಕಟಿಸಿದ. ಹತ್ತು ಹನ್ನೊಂದು ವರ್ಷದ ಹುಡುಗರ ಸಣ್ಣ ಸಣ್ಣ ಗುಂಪು ಮಾಡಿ, ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟು, ಮೇಲೆ ಬೇರೆ ಬೇರೆ ತರಹದ ಮುಂದಾಳುಗಳನ್ನು ಇಟ್ಟರು. ಹುಕುಂ ಮಾಡುವ ಮುಂದಾಳು ಎದುರಿಗೆ ಇದ್ದಷ್ಟು ಹೊತ್ತು ಆ ಗುಂಪಿನ ಹುಡುಗರು ಬಗ್ಗಿಸಿದ ತಲೆ ಎತ್ತಲಿಲ್ಲ. ಆತ ಕೋಣೆಯಿಂದ ಆಚೆ ಹೋದದ್ದೇ ತಡ, ಕೆಲಸ ಬಿದ್ದುಹೋಯಿತು. ಕೂಡಿಸಿಕೊಂಡು ನಡೆಸಿದವನ ಗುಂಪು ಮಾತ್ರ, ಅವನು ಎದ್ದು ಹೋದ ಮೇಲೂ ಹೆಚ್ಚುಕಮ್ಮಿ ಹಾಗೇ ಕೆಲಸ ಮಾಡುತ್ತಿತ್ತು.

ಪರೀಕ್ಷೆಗೆ ಸೇರಿದವರು ಬೆರಳೆಣಿಕೆಯ ಹುಡುಗರು, ಅದೂ ಪರದೇಶದವರು. ಅದನ್ನೇ ಶಾಸನ ಎನ್ನಬೇಕಿಲ್ಲ. ಆದರೂ ಅಂಗಡಿ ಯಜಮಾನರಿಗೆ ತಿರುಪತಿಯಿಂದ ಬಂದ ದಿನ ತಿಳಿಯುವ ಸತ್ಯ ಇದೇ ಅಲ್ಲವೇ?

ಹೋದ ಮೇಲೂ ನಿಂತವು

ದೂರದ ಮಾತು ಬೇಡ ಎನ್ನುವವರಿಗೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಇಲ್ಲಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆ ಹಲಸೂರು ಕೆರೆ. ಅದರ ಮಗ್ಗುಲಲ್ಲೇ ಆರ್.ಬಿ.ಎ.ಎನ್.ಎಂ. ಶಾಲೆ. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅವರು ವ್ಯಾಪಾರ, ಕಂತ್ರಾಟು ಮಾಡಿ ದುಡಿದವರು. ಅಠಾರಾ ಕಚೇರಿಯ ಕಟ್ಟಡ ಕಟ್ಟಿಸಿದ ಕಂತ್ರಾಟುದಾರರೂ ಅವರೇ. ಅವರು 1873ರಲ್ಲಿ ದಂಡು ಪ್ರದೇಶದ ಬಡ ಮಕ್ಕಳಿಗಾಗಿ ಶಾಲೆ ತೆಗೆದರು. ಹಣ ಕೊಟ್ಟವರು ತಾವೇ ಎಂದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರೆ ಶಾಲೆ ಅವರ ಜೊತೆಗೇ ಹೋಗುತ್ತಿತ್ತು. ಅವರು ಅದನ್ನು ಧರ್ಮಸಂಸ್ಥೆಗೆ ಒಪ್ಪಿಸಿದರು. ಅವರು ಹೋಗಿ ನೂರು ವರ್ಷ ದಾಟಿತು. ಸಂಸ್ಥೆ ಇದೆ, ಗಂಟೆ ಹೊಡೆಯುತ್ತಿದೆ.

ಇನ್ನೊಬ್ಬರು ಬಸವನಗುಡಿಯ ಎಚ್. ನರಸಿಂಹಯ್ಯನವರು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿ, ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಇಷ್ಟಾದರೂ ವಾಸ ಹಾಸ್ಟೆಲಿನ ಕೋಣೆಯಲ್ಲೇ, ಮೈಮೇಲೆ ಖಾದಿ ಜುಬ್ಬವೇ. ಹುಡುಗರ ನಡುವೆಯೇ ಇರುವವರಿಗೆ ಹುಡುಗರ ಕಷ್ಟ ಯಾರೂ ವರದಿ ಮಾಡಬೇಕಿಲ್ಲ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಬುಧವಾರ ಬಂತೆಂದರೆ ವಿಜ್ಞಾನದ ಉಪನ್ಯಾಸ ಏರ್ಪಡಿಸುತ್ತಿತ್ತು. 2005ರ ಜನವರಿಯಲ್ಲಿ ನರಸಿಂಹಯ್ಯನವರು ತೀರಿಕೊಂಡರು. ಫೋರಂ ನಿಲ್ಲಲಿಲ್ಲ. ಅವರೊಬ್ಬರೇ ಮಾತಾಡುವ ವೇದಿಕೆ ಆಗಿದ್ದರೆ ನಿಲ್ಲುತ್ತಿತ್ತು.

ಒಬ್ಬರು ದಾನಿ, ಇನ್ನೊಬ್ಬರು ಮೇಷ್ಟ್ರು. ದಾರಿ ಬೇರೆ ಬೇರೆ. ತಾನಿಲ್ಲದ ದಿನಕ್ಕೆ ಏರ್ಪಾಡು ಮಾಡಿಟ್ಟದ್ದು ಇಬ್ಬರಿಗೂ ಒಂದೇ.

ಗುಮಾಸ್ತರಾದ ಹೆಡ್ಮಾಸ್ಟರು

ಹಾಗಾದರೆ ಇವತ್ತಿನ ಹೆಡ್ಮಾಸ್ಟರುಗಳು ಯಾಕೆ ಹಾಗಿಲ್ಲ ಎಂದು ಬೈಯುವುದು ಸುಲಭ. ಬೈಯುವ ಮೊದಲು ಸರ್ಕಾರಿ ಪ್ರೈಮರಿ ಶಾಲೆಯ ಮುಖ್ಯ ಶಿಕ್ಷಕರ ಮೇಜು ನೋಡಬೇಕು. ಬಿಸಿಯೂಟದ ಲೆಕ್ಕ ಅವರದು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲಿನ ಲೆಕ್ಕ ಸೇರಿತು. ಆಮೇಲೆ ಮೊಟ್ಟೆ ಬಂತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಅದಕ್ಕೆ ಬೇರೆ ಪಟ್ಟಿ. ಸಮವಸ್ತ್ರ, ಬೂಟು, ಪುಸ್ತಕ ಎಷ್ಟು ಬಂತು, ಎಷ್ಟು ಕೊಟ್ಟರು, ಅದಕ್ಕೊಂದು ರಿಜಿಸ್ಟರು. ಪ್ರತಿ ಮಗುವಿನ ವಿವರ ಕಂಪ್ಯೂಟರಿಗೆ ಏರಿಸಬೇಕು. ಮೊಬೈಲಿಗೆ ಸುತ್ತೋಲೆ ಬರುತ್ತದೆ: ಈ ದಿನ ಸಂಜೆಯೊಳಗೆ ಮಾಹಿತಿ ಕಳಿಸಿ. ಹೊಟ್ಟೆ ತುಂಬಿದ ಮಗು ಪಾಠ ಕೇಳುತ್ತದೆ, ಆದ್ದರಿಂದ ಊಟ, ಹಾಲು, ಮೊಟ್ಟೆ ಬೇಡ ಎನ್ನುವ ಹಾಗಿಲ್ಲ. ಲೆಕ್ಕ ಬರೆಯುವುದಕ್ಕೆ ಒಬ್ಬ ಗುಮಾಸ್ತರನ್ನು ಕೊಡಲಿಲ್ಲವಲ್ಲ, ದೂರು ಅದರ ಮೇಲೆ.

ಕಾನೂನಿನಲ್ಲೇ ಒಂದು ತೂತಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ, ಒಂದರಿಂದ ಐದನೇ ಕ್ಲಾಸಿನಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರು ಕಡ್ಡಾಯ. ಆರರಿಂದ ಎಂಟರವರೆಗೆ 100 ದಾಟಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಇರಬೇಕು. ಅದಕ್ಕಿಂತ ಕಡಿಮೆ ಮಕ್ಕಳಿರುವ ಕಡೆ ಸಾಮಾನ್ಯವಾಗಿ ಹಿರಿಯ ಟೀಚರೊಬ್ಬರು ಇನ್‌ಚಾರ್ಜ್. ಅವರು ಮೂರನೇ ಕ್ಲಾಸಿಗೆ ಗುಣಾಕಾರ ಹೇಳಿಕೊಡುತ್ತಿರುವಾಗಲೇ ಹಾಲಿನ ಪುಡಿ ಬರುತ್ತದೆ, ಸಹಿ ಹಾಕಬೇಕು. ಗುಣಾಕಾರ ಅರ್ಧಕ್ಕೆ ನಿಲ್ಲುತ್ತದೆ. ಅಂದರೆ ಚಿಕ್ಕ ಶಾಲೆಯಲ್ಲಿ ಹೆಡ್ಮಾಸ್ಟರೂ ಅರ್ಧ, ಕ್ಲಾಸ್ ಟೀಚರೂ ಅರ್ಧ. ಎರಡರ್ಧ ಸೇರಿ ಒಂದಾಗುವುದು ಲೆಕ್ಕದ ಪುಸ್ತಕದಲ್ಲಿ ಮಾತ್ರ.

ಅದೇ ಕಾಯ್ದೆಯ 27ನೇ ಕಲಂ, ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆದರೆ 2025ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಬಾಗಿಲು ತಟ್ಟಿದವರು ಬಹುಪಾಲು ಶಿಕ್ಷಕರೇ. ಅದಕ್ಕಾಗಿ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜವನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆ ದಿನಗಳ ಪಾಠ ಹೋದದ್ದು ಬೂಟು, ಹಾಲಿಗಾಗಿ ಸರ್ಕಾರಿ ಶಾಲೆಯನ್ನೇ ನಂಬಿದ ಮಕ್ಕಳದು. ಖಾಸಗಿ ಶಾಲೆಯ ಮಕ್ಕಳು ಆಗಲೇ ಮುಂದಿನ ಪಾಠ ಓದುತ್ತಿದ್ದರು.

ಫೀಸು ಕಟ್ಟಿದ ಮೇಲೂ ಉತ್ತರವಿಲ್ಲ

ಫೀಸು ಕಟ್ಟುವ ಶಾಲೆಯಲ್ಲಿ ಈ ತಾಪತ್ರಯ ಇಲ್ಲ ಎಂದುಕೊಂಡವರು ಒಮ್ಮೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಒಂದು ಸಣ್ಣ ವಿಷಯ ಕೇಳಿ ನೋಡಲಿ. ವ್ಯಾನು ದಿನಾ ತಡವಾಗಿ ಬರುತ್ತದೆ ಯಾಕೆ? ಹೋದ ವರ್ಷದ ಪುಸ್ತಕವೇ ಇರುವಾಗ ಹೊಸದು ಕೊಳ್ಳಬೇಕೇಕೆ? ಬಹಳ ಕಡೆ ಸಿಗುವ ಉತ್ತರ ಒಂದೇ: "ಮ್ಯಾನೇಜ್‌ಮೆಂಟನ್ನು ಕೇಳಬೇಕು." ಮ್ಯಾನೇಜ್‌ಮೆಂಟು ಎಂಬುದು ಎಲ್ಲಿದೆ? ಒಮ್ಮೊಮ್ಮೆ ಮುಂಬಯಿಯಲ್ಲಿ, ಒಮ್ಮೊಮ್ಮೆ ಮಹಡಿಯ ಮೇಲೆ, ಎರಡೂ ಕಡೆ ಬಾಗಿಲು ಮುಚ್ಚಿರುತ್ತದೆ. ಪ್ರಿನ್ಸಿಪಾಲರಿಗೆ ಕುರ್ಚಿ ಇದೆ, ಕೊಠಡಿ ಇದೆ, ಅಧಿಕಾರ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ತಿರುಗಿ ನಿಂತಿದೆ. ಪೂಜಾರಿ ಕೊಡಲು ಸಿದ್ಧ, ದೇವರೇ ಸಿಗುವುದಿಲ್ಲ.

ಇದು ವ್ಯಾನು, ಪುಸ್ತಕದ ಮಾತಾದರೆ ಸಹಿಸಿಕೊಳ್ಳಬಹುದು. 2014ರ ಜುಲೈಯನ್ನು ಈ ಭಾಗದ ತಂದೆತಾಯಿಗಳು ಮರೆತಿಲ್ಲ. ಮಾರತಹಳ್ಳಿ ಕಡೆಯ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ನಡೆದ ದೌರ್ಜನ್ಯದ ಸುದ್ದಿ ಹೊರಬಿದ್ದಾಗ ಪೋಷಕರು ಬೀದಿಗಿಳಿದರು. ಅವರು ಕೂಗಿ ಕೇಳಿದ ಪ್ರಶ್ನೆ, ಇದಕ್ಕೆ ಹೊಣೆ ಯಾರು ಎಂಬುದು. ಆಮೇಲೆ ಶಾಲೆಗಳಿಗೆ ಪೊಲೀಸರ ಸುರಕ್ಷತಾ ನಿಯಮಗಳು ಬಂದವು, ಕ್ಯಾಮೆರಾಗಳು ಬಂದವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಕಾನೂನು ಅದಕ್ಕೂ ಮೊದಲೇ ಇತ್ತು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯ್ದೆಯ 21ನೇ ಕಲಂ ಸ್ಪಷ್ಟವಾಗಿದೆ. ತನ್ನ ಕೈಕೆಳಗಿನವರು ಅಂಥ ಅಪರಾಧ ಮಾಡಿದ್ದು ತಿಳಿದೂ ಸಂಸ್ಥೆಯ ಹೊಣೆ ಹೊತ್ತವರು ವರದಿ ಮಾಡದಿದ್ದರೆ ಒಂದು ವರ್ಷದವರೆಗೆ ಜೈಲು, ಮೇಲೆ ದಂಡ. ಆದರೆ ಆ ಹೊಣೆ ಹೊತ್ತವರು ಯಾರು ಎಂಬುದೇ ಟೀಚರಿಗೂ ಆಯಾಗೂ ಗೊತ್ತಿರದ ಶಾಲೆಯಲ್ಲಿ ಮಗು ಯಾರ ಹತ್ತಿರ ಹೋಗಿ ಅಳಬೇಕು? ದೊಣ್ಣೆನಾಯಕರ ಶಾಲೆಯಲ್ಲಿ ಕೆಟ್ಟ ಸುದ್ದಿ ಮೇಲಕ್ಕೆ ಹೋಗುವುದಿಲ್ಲ. ಹೇಳಿದವರಿಗೇ ಬೈಗುಳ ಬೀಳುತ್ತದೆ ಎಂದು ಆಯಾ ಸುಮ್ಮನಿರುತ್ತಾಳೆ, ಟೀಚರು ಸುಮ್ಮನಿರುತ್ತಾರೆ. ಬಸ್ ಸ್ಟಾಪಿನಲ್ಲಿ ಹೊಗಳಿಸಿಕೊಂಡ ಆ ನಿಶ್ಶಬ್ದದ ಇನ್ನೊಂದು ಮುಖ ಇದು.

ಸಹಿ ಹಾಕಿ ಹೋಗುವ ಸಮಿತಿ

ಹೆಡ್ಮಾಸ್ಟರಿಗೆ ಹೆಗಲು ಕೊಡಲೆಂದೇ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಎಸ್.ಡಿ.ಎಂ.ಸಿ. ಎಂದರೆ ಎಲ್ಲರಿಗೂ ಗೊತ್ತು. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯ ಹಿಂದೆಯೇ 2001ರಲ್ಲಿ ಕರ್ನಾಟಕ ಇದನ್ನು ತಂದಿತು. ದೇಶಕ್ಕೆಲ್ಲ ಶಿಕ್ಷಣ ಹಕ್ಕು ಕಾಯ್ದೆ ಬರುವುದಕ್ಕೆ ಎಂಟು ವರ್ಷ ಮೊದಲು! ಆ ಕಾಯ್ದೆಯ 21ನೇ ಕಲಂ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿ ಅಥವಾ ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಬಂದ ಹಣ ಎಲ್ಲಿ ಹೋಯಿತು ಎಂದು ಕೇಳುವುದು, ಮುಂದಿನ ವರ್ಷಗಳಿಗೆ ಶಾಲೆಯ ಯೋಜನೆ ಮಾಡುವುದು ಅವರ ಹಕ್ಕು. ಕರ್ನಾಟಕದಲ್ಲಿ ಅಧ್ಯಕ್ಷರು ಪೋಷಕರಲ್ಲೇ ಒಬ್ಬರು, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ.

ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಏರ್ಪಾಡು ಬೇಕೇ? ಆದರೆ ಸಭೆ ಯಾವಾಗ? ಹೆಚ್ಚಾಗಿ ಕೆಲಸದ ದಿನ, ಹಗಲು ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಸಮಿತಿಯ ತಾಯಿ ಇಂದಿರಾನಗರದ ಮೂರನೇ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ. ತಂದೆ ಮುರುಗೇಶಪಾಳ್ಯದ ಯಾವುದೋ ಕಟ್ಟಡದಲ್ಲಿ ಗಾರೆ ಕೆಲಸದಲ್ಲಿರುತ್ತಾನೆ. ಸಭೆಗೆ ಬಂದರೆ ಅರ್ಧ ದಿನದ ಕೂಲಿ ಹೋಯಿತು. ಸಾಯಂಕಾಲ ಮಗುವನ್ನು ಕರೆದುಕೊಂಡು ಹೋಗಲು ಬಂದಾಗ ರಿಜಿಸ್ಟರು ಮುಂದೆ ಬರುತ್ತದೆ.

"ಇಲ್ಲೊಂದು ಸಹಿ ಹಾಕಮ್ಮ."

"ಏನಕ್ಕೆ ಮೇಡಂ?"

"ಮೀಟಿಂಗ್‌ದು. ಆಗಿದೆ."

ಸಹಿ ಬೀಳುತ್ತದೆ, ಠರಾವು ಪಾಸಾಗುತ್ತದೆ. ಮೇಡಂ ಮೋಸಗಾರರಲ್ಲ, ತಾಯಿ ದಡ್ಡಿಯಲ್ಲ. ಇಬ್ಬರಿಗೂ ಪುರುಸೊತ್ತಿಲ್ಲ, ಅಷ್ಟೇ. ಆದರೆ ಆ ಸಹಿಯೊಂದಿಗೆ, ಹೆಡ್ಮಾಸ್ಟರು ಇಲ್ಲದ ದಿನ ಶಾಲೆಗೆ ದಿಕ್ಕಾಗಬೇಕಾದವರೂ ಇಲ್ಲವಾಗುತ್ತಾರೆ.

ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ 21ನೇ ಕಲಂ ಅನ್ವಯವೇ ಆಗುವುದಿಲ್ಲ. ಹಣ ಕೊಡದವರಿಗೆ ಕೇಳುವ ಹಕ್ಕನ್ನು ಕಾನೂನು ಕೊಟ್ಟಿದೆ, ಕೇಳಲು ಅವರಿಗೆ ಬಿಡುವಿಲ್ಲ. ಹಣ ಕೊಡುವವರು ಕೇಳಬಲ್ಲರು, ಅವರಿಗೆ ಆ ಹಕ್ಕಿನ ಕುರ್ಚಿ ಇಲ್ಲ. ಅತ್ತ ದರಿ, ಇತ್ತ ಪುಲಿ.

ಆಗಬೇಕಾದ್ದು ಇಷ್ಟೇ

ದೊಡ್ಡ ಯೋಜನೆ, ಹೊಸ ಆಯೋಗ ಏನೂ ಬೇಡ. ಮೊದಲನೆಯದು, ಎಸ್.ಡಿ.ಎಂ.ಸಿ. ಸಭೆ ಸಾಯಂಕಾಲ ಆರರ ಮೇಲೆ ನಡೆಯಲಿ. ಸಭೆಯ ತೀರ್ಮಾನವನ್ನು ಗೇಟಿನ ಬೋರ್ಡಿನಲ್ಲಿ ಬರೆಯಲಿ. ಸಭೆಯ ನಡಾವಳಿ ಸಾರ್ವಜನಿಕರಿಗೆ ಸಿಗಬೇಕು ಎಂದು ಕೇಂದ್ರದ 2010ರ ನಿಯಮಗಳೇ ಹೇಳುತ್ತವೆ. ಆ ಸಂಜೆ ಟೀಚರುಗಳು ಹೆಚ್ಚು ಹೊತ್ತು ಕೂತರೆ ಮಾರನೆಯ ದಿನ ಅಷ್ಟು ಹೊತ್ತು ಬಿಟ್ಟುಕೊಡುವುದು ಇಲಾಖೆಗೆ ಭಾರವಲ್ಲ.

ಎರಡನೆಯದು, ನಾಲ್ಕೈದು ಚಿಕ್ಕ ಶಾಲೆಗಳಿಗೆ ಒಬ್ಬರಂತೆ ಲೆಕ್ಕ ಬರೆಯುವವರನ್ನು ಇಲಾಖೆ ಕೊಡಲಿ. ಹಾಲು, ಮೊಟ್ಟೆ, ಬೂಟಿನ ಪಟ್ಟಿ ಅವರಿಗೆ ಹೋದರೆ ಹೆಡ್ಮಾಸ್ಟರಿಗೆ ಕ್ಲಾಸಿನೊಳಗೆ ಹೋಗಿ ಕೂತು ನೋಡುವುದಕ್ಕೆ ದಿನಕ್ಕೆ ಒಂದು ಗಂಟೆಯಾದರೂ ಉಳಿಯುತ್ತದೆ. ಹೊಸ ಟೀಚರು ತಪ್ಪಿದ ಕಡೆ ತಿದ್ದುವುದು, ಓದಲು ಬಾರದ ಮಗುವನ್ನು ಗುರುತಿಸುವುದು, ಇದಕ್ಕೆಲ್ಲ ಆ ಒಂದು ಗಂಟೆಯೇ ಬಂಡವಾಳ.

ಮೂರನೆಯದು ಸರ್ಕಾರಿ, ಖಾಸಗಿ ಎರಡಕ್ಕೂ ಸೇರಿದ್ದು. ಪ್ರತಿ ಶಾಲೆಯ ಬಾಗಿಲಲ್ಲಿ ಒಂದು ಬೋರ್ಡು ಇರಲಿ. ಈ ದಿನ ಶಾಲೆಯ ಹೊಣೆ ಯಾರದು, ಅವರಿಲ್ಲದಿದ್ದರೆ ಯಾರದು, ಮಕ್ಕಳ ಸುರಕ್ಷತೆಯ ದೂರು ಯಾರಿಗೆ ಕೊಡಬೇಕು, ಮೂರು ಹೆಸರು. ಸೀಮೆಸುಣ್ಣ ಸಾಕು, ಖರ್ಚು ನಾಲ್ಕಾಣೆ. ಅದರಲ್ಲಿ ಬರೆದ ಎರಡನೆಯ ಹೆಸರಿನವರ ಕೈಗೆ ಬೀರುವಿನ ಬೀಗದ ಕೈಯೂ ಬರಬೇಕು, ಬರೀ ಹೆಸರಿನಿಂದ ಪ್ರಯೋಜನವಿಲ್ಲ.

ಪೋಷಕರ ಪಾಲೂ ಇದೆ. ಜೀವ ವಿಮಾ ನಿಗಮದ ವಸತಿ ಯೋಜನೆಯಿಂದ ಹೆಸರು ಪಡೆದ ಬಡಾವಣೆ ಇದು. ವಿಮೆ ಎಂದರೆ ಮನೆಯ ಯಜಮಾನ ಇಲ್ಲದ ದಿನಕ್ಕೆ ಇವತ್ತೇ ಮಾಡಿಡುವ ಏರ್ಪಾಡು. ಎಚ್.ಎ.ಎಲ್., ಎನ್.ಎ.ಎಲ್.ಗಳಲ್ಲಿ ದುಡಿದು ನಿವೃತ್ತರಾದವರು ಈ ಸುತ್ತಿನ ಬೀದಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಂದು ಯಂತ್ರ ಕೆಟ್ಟರೆ ಪಾಳಿಯವರು ಯಾರನ್ನು ಕೇಳಬೇಕು ಎಂಬುದನ್ನು ಬರೆದಿಟ್ಟೇ ಕೆಲಸ ಮಾಡಿದ ಜನ. ಅವರು ವಾರಕ್ಕೆ ಒಂದು ಸಂಜೆ ಹತ್ತಿರದ ಸರ್ಕಾರಿ ಶಾಲೆಯ ಲೆಕ್ಕದ ಪುಸ್ತಕಕ್ಕೆ ಕೊಟ್ಟರೂ ಒಬ್ಬ ಹೆಡ್ಮಾಸ್ಟರ ತಲೆ ಭಾರ ಇಳಿಯುತ್ತದೆ. ಅಂಗಡಿಯವರು ತಮ್ಮಲ್ಲಿ ಕೆಲಸಕ್ಕಿರುವ ತಾಯಂದಿರಿಗೆ ಸಭೆಯ ದಿನ ಒಂದು ಗಂಟೆ ಬಿಡುವು ಕೊಟ್ಟರೆ ಅದೂ ಶಾಲೆಗೆ ಕೊಟ್ಟ ದಾನವೇ. ಹಲಸೂರಿನ ಆ ವ್ಯಾಪಾರಿ ಇಡೀ ಶಾಲೆಯನ್ನೇ ಕೊಟ್ಟರು. ಇಲ್ಲಿ ಕೇಳುತ್ತಿರುವುದು ಒಂದು ಗಂಟೆ.

ಇನ್ನು ಮುಂದೆ ಮಗುವನ್ನು ಶಾಲೆಗೆ ಸೇರಿಸುವವರು ಕಟ್ಟಡದ ಬಣ್ಣ, ರಿಸಲ್ಟಿನ ಬ್ಯಾನರು ನೋಡಿದ್ದು ಸಾಕು. ಹೆಡ್ಮಾಸ್ಟರು ಊರಲ್ಲಿಲ್ಲ ಎಂದು ಗೊತ್ತಾದ ದಿನ ಹೋಗಿ ಗೇಟಿನ ಹತ್ತಿರ ಹತ್ತು ನಿಮಿಷ ನಿಂತು ನೋಡಲಿ. ಕ್ಲಾಸಿನಲ್ಲಿ ಪಾಠದ ದನಿ ಕೇಳುತ್ತಿದೆಯೇ? ಮೊಣಕಾಲು ಕೆತ್ತಿಕೊಂಡು ಬಂದ ಮಗುವಿಗೆ ಔಷಧಿ ಹಚ್ಚುವವರು ಯಾರಾದರೂ ಇದ್ದಾರೆಯೇ? ಬೀರುವಿನ ಬೀಗ ತೆಗೆದಿದೆಯೇ? ತೆಗೆದಿದ್ದರೆ ಧೈರ್ಯವಾಗಿ ಸೇರಿಸಬಹುದು.